ದೆವ್ವಕ್ಕೂ ‘ನಾಳೆ ಬಾ’

ಹಿಂದಿ ಸಿನಿಮಾದವರು ಈಗ ದೆವ್ವಗಳನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ. ಮೊದಲು ಹೆದರಿಸಬೇಕು, ಆಮೇಲೆ ನಗಿಸಬೇಕು, ಕೊನೆಗೆ ಮುಂದಿನ ಭಾಗ ಬರುತ್ತೆ ಅಂತ ಸನ್ನೆ ಮಾಡಿ ಮರೆಯಾಗಬೇಕು. ಇಷ್ಟು ಅವುಗಳ ಕೆಲಸ. ದುಡಿಮೆ ದೆವ್ವದ್ದು, ಗಲ್ಲಾಪೆಟ್ಟಿಗೆ ಧಣಿಯದ್ದು. 2018ರ ಆಗಸ್ಟಿನಲ್ಲಿ ಬಂದ ‘ಸ್ತ್ರೀ’ ನೂರು ಕೋಟಿ ದಾಟಿತು. 2024ರ ಸ್ವಾತಂತ್ರ್ಯ ದಿನಕ್ಕೆ ಬಂದ ‘ಸ್ತ್ರೀ 2’ ದೇಶದೊಳಗೇ ಸುಮಾರು 600 ಕೋಟಿ ಬಾಚಿಕೊಂಡಿತು. ‘ಭೇಡಿಯಾ’ (2022), ‘ಮುಂಜ್ಯಾ’ (2024), ‘ಥಾಮಾ’ (2025) ಎಂದು ಮ್ಯಾಡಾಕ್ ಸಂಸ್ಥೆಯ ನಿರ್ಮಾಪಕ ದಿನೇಶ್ ವಿಜನ್ ತೋಳ, ಪಿಶಾಚಿ, ಬೇತಾಳಗಳನ್ನೆಲ್ಲ ಒಂದೇ ದೊಡ್ಡಿಗೆ ಕೂಡಿದ್ದಾರೆ. ಇನ್ನೊಂದು ಕಡೆ ‘ಭೂಲ್ ಭುಲಯ್ಯಾ’ದ ಹವೇಲಿ 2007, 2022, 2024ರಲ್ಲಿ ಮೂರು ಸಲ ಬಾಗಿಲು ತೆಗೆದಿದೆ.

ಹೋರಾಟ, ಕಾವ್ಯ ಬಿಟ್ಟು ಇದನ್ನೆಲ್ಲ ಯಾಕೆ ಬರೀತೀರಿ ಅಂತ ಕೆಲವು ಗೆಳೆಯರು ಕೇಳಬಹುದು. ದುಡಿದು ಬಂದ ನಮ್ಮ ಕೇರಿಯ ಹುಡುಗರು ಕಾಸು ಕೊಟ್ಟು ನೋಡುವುದು ಪ್ರಶಸ್ತಿ ಬಂದ ಚಿತ್ರಗಳನ್ನಲ್ಲ, ಇಂಥವನ್ನೇ. ಭಾಷೆ ಪೂರಾ ಬರದಿದ್ದರೂ ನಗುತ್ತಾರೆ, ಬೆಚ್ಚುತ್ತಾರೆ. ಒಂದು ಸಮಾಜ ಯಾವುದಕ್ಕೆ ಹೆದರುತ್ತೆ, ಯಾರನ್ನು ನೋಡಿ ನಗುತ್ತೆ ಅನ್ನುವುದರಲ್ಲೇ ಅದರ ಗುಟ್ಟು ಇರುತ್ತೆ. ಆದ್ದರಿಂದ ಈ ಚಿತ್ರಗಳಿಗೆ ನಾವು ಮೂರೇ ಪ್ರಶ್ನೆ ಕೇಳುತ್ತೇವೆ. ಕೊಲೆಯಾದವರು ಯಾರು? ಹೆದರಿದವರು ಯಾರು? ನಗುತ್ತಿರುವವರು ಯಾರು?

‘ಸ್ತ್ರೀ’ಯ ಬೇರು ನಮ್ಮ ಕಡೆಯದೇ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಿರಿಯರಿಗೆ ನೆನಪಿದೆ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಮನೆಯವರದೇ ದನಿಯಲ್ಲಿ ಕೂಗುತ್ತೆ, ಬಾಗಿಲು ತೆಗೆದವನು ಸತ್ತ. ಬಾಗಿಲ ಮೇಲಿನ ಬರಹ ಕಂಡರೆ ತಿರುಗಿ ಹೋಗಿ ಮಾರನೆ ರಾತ್ರಿ ಬರುತ್ತೆ, ಬಂದು ಮತ್ತೆ ಅದನ್ನೇ ಓದಿ ಹೋಗುತ್ತೆ ಅನ್ನೋ ಸುದ್ದಿ. ತೆಲುಗರ ಬಾಗಿಲುಗಳ ಮೇಲೆ ಇದೇ ಮಾತು ‘ಓ ಸ್ತ್ರೀ ರೇಪು ರಾ’ ಎಂದಿತ್ತು. ಚಿತ್ರದ ಕಥೆ ಬರೆದು ನಿರ್ಮಾಣದಲ್ಲೂ ಪಾಲುದಾರರಾದ ರಾಜ್ ನಿಡಿಮೋರು, ಕೃಷ್ಣ ಡಿ.ಕೆ. ಇಬ್ಬರೂ ಆಂಧ್ರದವರು, ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ನೌಕರಿ ಮಾಡಿ, ಆಮೇಲೆ ಸಿನಿಮಾಕ್ಕೆ ಬಂದವರು. ಬಾಗಿಲ ಬರಹವನ್ನು ‘ಓ ಸ್ತ್ರೀ ಕಲ್ ಆನಾ’ ಮಾಡಿ ಮಧ್ಯಪ್ರದೇಶದ ಚಂದೇರಿಗೆ ಒಯ್ದರು. ಅಮರ್ ಕೌಶಿಕ್ ನಿರ್ದೇಶಿಸಿದರು.

ಈ ಎರಡು ಪದಗಳನ್ನು ಸ್ವಲ್ಪ ನಿಂತು ಕೇಳಿ. ‘ನಾಳೆ ಬಾ’. ದೆವ್ವಕ್ಕೆ ಹೇಳುವುದಕ್ಕೆ ಮುಂಚೆ ಊರು ಇದನ್ನು ಯಾರ ಮೇಲೆ ಅಭ್ಯಾಸ ಮಾಡಿತ್ತು? ಕೂಲಿ ಕೇಳೋಕೆ ಹೋದ ನಮ್ಮಪ್ಪಂದಿರಿಗೆ ಗೌಡರ ಜಗಲಿಯಿಂದ ಬಂದ ಮಾತು ಇದು. ಪಹಣಿಗೆ, ವಿಧವಾ ವೇತನಕ್ಕೆ ಹೋದ ಅವ್ವಂದಿರಿಗೆ ಕಚೇರಿಯ ಕಿಟಕಿ ಹೇಳಿದ ಮಾತು ಇದು. ಕೋರ್ಟು ಇದನ್ನೇ ವಾಯಿದೆ ಅನ್ನುತ್ತೆ. 2000ದ ಮಾರ್ಚ್ 11ರಂದು ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ಏಳು ಮಂದಿ ದೆವ್ವವಾಗಿ ಬಂದಿದ್ದರೆ ಊರಿನವರು ಹೊಸದಾಗಿ ಏನನ್ನೂ ಬರೆಯಬೇಕಾಗಿರಲಿಲ್ಲ. ಬಾಗಿಲ ಮೇಲೆ ಆಗಲೇ ಬರೆದಿತ್ತು.

ಈ ದೆವ್ವಕ್ಕೆ ಓದು ಬರುತ್ತೆ, ಓದಿ ಹೇಳಿದ ಹಾಗೆ ಕೇಳುತ್ತೆ ಅನ್ನುವುದು ಚಿತ್ರದ ದೊಡ್ಡ ನಗೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ನಮಗೂ ನಗು ಬರುತ್ತೆ, ಆದರೆ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ. ನಾವು ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಓದಿದವರು. ಅಕ್ಷರ ಕಲಿತರೆ ಬಾಗಿಲು ತೆರೆಯುತ್ತೆ ಅಂತ ನಂಬಿ ಕಲಿತವರು. ಕಲಿತ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲ ಮೇಲಿನ ಬರಹ. ಓದು ಬಾರದ ದೆವ್ವವಾಗಿದ್ದರೆ ಬಾಗಿಲು ಒದ್ದು ಒಳಗೆ ಬರುತ್ತಿತ್ತು. ಓದಿದ ದೆವ್ವ ಸಭ್ಯವಾಗಿ ತಿರುಗಿ ಹೋಗುತ್ತೆ. ಈ ಒಂದು ನೆಂಟಸ್ತಿಕೆಯಿಂದಾಗಿ ಈ ದೆವ್ವವನ್ನು ಸುಮ್ಮನೆ ನೋಡಿ ಎದ್ದು ಬರುವುದು ನಮ್ಮಿಂದ ಆಗಲಿಲ್ಲ.

ಭಯವನ್ನೂ ನಗೆಯನ್ನೂ ಒಂದೇ ಚಿತ್ರದಲ್ಲಿ ಇಡುವುದು ಹಿಂದಿಗೆ ಹೊಸದಲ್ಲ. ಮೆಹಮೂದ್ 1965ರಲ್ಲೇ ‘ಭೂತ್ ಬಂಗ್ಲಾ’ ನಿರ್ದೇಶಿಸಿ ತಾವೇ ನಟಿಸಿದರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ರಾಮ್ಸೆ ಸೋದರರು ದೆವ್ವದ ಚಿತ್ರವನ್ನೇ ಮನೆಕಸುಬು ಮಾಡಿಕೊಂಡರು. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಇಬ್ಬರು ನಿರ್ದೇಶನ ಎಂದು ಹಂಚಿಕೊಂಡು ಕಮ್ಮಿ ಖರ್ಚಿನಲ್ಲಿ ತೆಗೆದ ಆ ಚಿತ್ರಗಳಿಗೆ ದೊಡ್ಡ ವಿಮರ್ಶಕರು ಮೂಗು ಮುರಿದರು. ಸಣ್ಣ ಊರುಗಳ ಟಾಕೀಸುಗಳು ಅನ್ನ ಹಾಕಿದವು. ಅವರ ‘ಪುರಾನಾ ಮಂದಿರ್’ (1984) ಚಿತ್ರದಲ್ಲಿ ಭಯಕ್ಕೆ ಒಂದು ಪಂಕ್ತಿ, ನಗೆಗೆ ಇನ್ನೊಂದು ಪಂಕ್ತಿ. ರಾಜನ ವಂಶಕ್ಕೆ ತಟ್ಟಿದ ಶಾಪ ಗಂಭೀರ ವಿಷಯ. ಮಚ್ಛರ್ ಸಿಂಗ್ ಆಗಿ ಜಗದೀಪ್ ಮಾಡುವ ‘ಶೋಲೆ’ಯ ಅಣಕ ಹಾಸ್ಯ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಶಾಪ ತಟ್ಟಬೇಕಾದರೂ ಮನುಷ್ಯನಿಗೆ ವಂಶ ಇರಬೇಕು, ಹವೇಲಿ ಇರಬೇಕು. ಗುಡಿಸಲಿಗೆ ಯಾವ ದೆವ್ವ ಬರುತ್ತೆ?

ಪ್ರಿಯದರ್ಶನ್‌ರ ‘ಭೂಲ್ ಭುಲಯ್ಯಾ’ (2007) ಇದಕ್ಕೆ ಬೇರೆ ದಾರಿ ಹಿಡಿಯಿತು. ಅದರ ಮೂಲ ಫಾಜಿಲ್‌ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ (1993). ಕನ್ನಡಿಗರಿಗೆ ಇದು ಪಿ. ವಾಸು ಅವರ ‘ಆಪ್ತಮಿತ್ರ’ (2004) ಆಗಿ ಗೊತ್ತು. ಎಲ್ಲದರಲ್ಲೂ ಒಬ್ಬ ನರ್ತಕಿ. ಒಡೆಯನೊಬ್ಬ ಅವಳನ್ನು ತಂದಿಟ್ಟುಕೊಂಡು, ಅವಳ ಸಾವಿಗೆ ಕಾರಣನಾಗುತ್ತಾನೆ. ಒಂದು ವಿಚಿತ್ರ ಗಮನಿಸಿ. ಮಲಯಾಳಂನಲ್ಲಿ ಆ ನರ್ತಕಿ ತಮಿಳಿನವಳು, ಕನ್ನಡದಲ್ಲಿ ತೆಲುಗಿನವಳು, ಹಿಂದಿಯಲ್ಲಿ ಬಂಗಾಳಿ. ಪ್ರತಿ ಭಾಷೆಯೂ ಕೊಲ್ಲಲು ಪಕ್ಕದ ನಾಡಿನ ಹೆಣ್ಣನ್ನು ಹುಡುಕಿಕೊಂಡಿದೆ! ಇಂದಿನ ಹೆಣ್ಣೊಬ್ಬಳ ಮನಸ್ಸಿನಲ್ಲಿ ಆ ಸತ್ತವಳ ಸಿಟ್ಟು ಎದ್ದಾಗ, ಮಾಟಗಾರನ ಜಾಗಕ್ಕೆ ಮನೋವೈದ್ಯ ಬರುತ್ತಾನೆ. ದೆವ್ವವಿಲ್ಲ, ಇದು ಕಾಯಿಲೆ ಅನ್ನುತ್ತಾನೆ. ಇದು ವಿಚಾರವಾದಿಯಾದ ಮಾತು, ಒಪ್ಪುತ್ತೇವೆ. ಆದರೆ ಅವನ ಮದ್ದು ನೋಡಿ. ಒಡೆಯನ ಹಾಗಿರುವ ಒಂದು ಗೊಂಬೆಯನ್ನು ಅವಳ ಮುಂದೆ ಇಟ್ಟು, ಕೊಲ್ಲು ಅನ್ನುತ್ತಾನೆ. ಗೊಂಬೆ ಸತ್ತ ಕೂಡಲೆ ಅವಳಿಗೆ ಸಮಾಧಾನ, ಅರಮನೆಗೂ ಸಮಾಧಾನ. ಶತಮಾನಗಳ ಸಿಟ್ಟಿಗೆ ಒಂದು ಗೊಂಬೆ ಕೊಟ್ಟು ಒಡೆಯನ ಮನೆಯನ್ನು ಉಳಿಸಿಕೊಳ್ಳುವ ಈ ಚಿಕಿತ್ಸೆಯನ್ನು ನಮ್ಮ ರಾಜಕಾರಣಿಗಳೂ ಚೆನ್ನಾಗಿ ಬಲ್ಲರು.

ಈ ಹಿನ್ನೆಲೆಯಲ್ಲಿ ‘ಸ್ತ್ರೀ’ ಒಂದು ಹೆಜ್ಜೆ ಮುಂದೆ ಇಟ್ಟಿದ್ದು ನಿಜ. ಹವೇಲಿ ಬಿಟ್ಟು ಬೀದಿಗೆ ಬಂತು. ನಾಯಕ ವಿಕ್ಕಿ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಪೂಜೆಯ ನಾಲ್ಕು ದಿನ ರಾತ್ರಿ ದೆವ್ವ ಬಂದು ಗಂಡಸರನ್ನು ಒಯ್ಯುತ್ತೆ, ಬಟ್ಟೆ ಮಾತ್ರ ಬಿದ್ದಿರುತ್ತೆ. ಗಂಡಸರು ಕತ್ತಲಾಗುವ ಮೊದಲು ಮನೆ ಸೇರುತ್ತಾರೆ, ಹೆಂಡತಿ ಹೊರಗೆ ಹೊರಟರೆ ಬೇಗ ಬಾ ಅಂತ ಗೋಗರೆಯುತ್ತಾರೆ, ಸೀರೆ ಉಟ್ಟು ತಪ್ಪಿಸಿಕೊಳ್ಳುತ್ತಾರೆ. ಹೆಣ್ಣು ದಿನಾ ಹೊರುವ ಭಯವನ್ನು ನಾಲ್ಕು ದಿನ ಗಂಡಸಿನ ತಲೆಗೆ ಹೊರಿಸಿ ನಗುವುದು, ಇದು ಸರಿಯಾದ ನಗೆ. ಚಂದೇರಿಯ ಚರಿತ್ರೆ ಬರೆದ ಶಾಸ್ತ್ರಿಯೊಬ್ಬ (ವಿಜಯ್ ರಾಜ್) ತುರ್ತುಪರಿಸ್ಥಿತಿ ಇನ್ನೂ ಮುಗಿದಿಲ್ಲ ಅಂದುಕೊಂಡು ಅಡಗಿ ಕೂತಿದ್ದಾನೆ. ಆ ಮುದುಕನಿಗೆ ಹುಚ್ಚು ಅಂತ ಹೇಳುವ ಧೈರ್ಯ ನಮಗಂತೂ ಇಲ್ಲ.

ಇನ್ನೂ ಒಂದು ಮಾತು ಈ ಚಿತ್ರದ ಪರವಾಗಿ ಹೇಳಬೇಕು. ಕೊಲೆಯಾದವಳು ವೇಶ್ಯೆ. ಒಬ್ಬ ಅವಳನ್ನು ನಿಜವಾಗಿ ಪ್ರೀತಿಸಿದ, ಮದುವೆಯಾದ. ಮೊದಲ ರಾತ್ರಿಯೇ ಊರು ಇಬ್ಬರನ್ನೂ ಕೊಂದಿತು. ಊರನ್ನು ಉಳಿಸಬಲ್ಲವನು ವೇಶ್ಯೆಯ ಮಗನೊಬ್ಬನೇ ಅನ್ನುತ್ತೆ ಕಥೆ. ವಿಕ್ಕಿಯ ತಾಯಿ ಯಾರೆಂದು ಆಗ ಗೊತ್ತಾಗುತ್ತೆ. ನಮ್ಮ ಭಾಷೆಯಲ್ಲಿ ‘ಸೂಳೆಮಗ’ ಅನ್ನುವುದಕ್ಕಿಂತ ಸಸ್ತಾ ಬೈಗುಳ ಇಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಪೆನ್ನು ನಿಲ್ಲಿಸಿ ಕೂತದ್ದು ಕಾಯ್ದೆಯಿಂದ ಅಳಿಸಿ ಹೋಗಿಲ್ಲ. ಆ ಬೈಗುಳವನ್ನೇ ಒಂದು ಜನಪ್ರಿಯ ಚಿತ್ರ ಊರು ಉಳಿಸುವ ಅರ್ಹತೆಯನ್ನಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ. ನೂರು ಭಾಷಣ ಮಾಡದ ಕೆಲಸ ಇದು.

ಆದರೆ ಆಮೇಲೆ? ದೆವ್ವದ ಶಕ್ತಿಯೆಲ್ಲ ಜಡೆಯಲ್ಲಿದೆಯಂತೆ. ವಿಕ್ಕಿ ಅವಳನ್ನು ಇರಿಯಲಾರದೆ ಜಡೆ ಕತ್ತರಿಸುತ್ತಾನೆ. ಇಲ್ಲಿ ನಮಗೆ ಚಿತ್ರ ಮರೆತು ಹೋಗಿ ಪತ್ರಿಕೆಯ ಸುದ್ದಿಗಳು ಕಣ್ಣ ಮುಂದೆ ಬಂದವು. 2017ರಲ್ಲಿ ಉತ್ತರ ಭಾರತದ ಊರೂರಿನಲ್ಲಿ ಯಾರೋ ಕಾಣದವರು ಹೆಂಗಸರ ಜಡೆ ಕತ್ತರಿಸುತ್ತಾರೆ ಅನ್ನೋ ಗುಲ್ಲು ಎದ್ದಿತ್ತು. ಆ ಆಗಸ್ಟಿನಲ್ಲಿ ಆಗ್ರಾದ ಬಳಿಯ ಹಳ್ಳಿಯೊಂದರಲ್ಲಿ ಬೆಳಗಿನ ಜಾವ ದಾರಿ ತಪ್ಪಿ ಬಂದ ಮುದುಕಿಯೊಬ್ಬಳನ್ನು ಇವಳೇ ಆ ದೆವ್ವ ಎಂದು ಹೊಡೆದು ಕೊಂದರು. ಸರಿಯಾಗಿ ಒಂದು ವರ್ಷಕ್ಕೆ ‘ಸ್ತ್ರೀ’ ಬಂತು, ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ‘ಚುಡೈಲ್’, ‘ಡಾಯನ್’ ಅನ್ನುವ ಪದಗಳು ಸಿನಿಮಾದಲ್ಲಿ ತಮಾಷೆ. ಜಾರ್ಖಂಡ್, ಬಿಹಾರ, ಛತ್ತೀಸ್‌ಗಢದ ಹಳ್ಳಿಗಳಲ್ಲಿ ಅವು ಮರಣದಂಡನೆಯ ತೀರ್ಪು. ತುಂಡು ಭೂಮಿ ಇರುವ ವಿಧವೆ, ಎದುರು ಮಾತಾಡಿದ ಆದಿವಾಸಿ ಹೆಂಗಸು, ದಲಿತ ಹೆಂಗಸು, ಇವರ ಹಣೆಗೇ ಈ ಪಟ್ಟ. ತಲೆ ಬೋಳಿಸಿ ಮೆರವಣಿಗೆ ಮಾಡುವುದು, ಮಲ ತಿನ್ನಿಸುವುದು ಅಲ್ಲಿನ ಶಿಕ್ಷೆ. ಇದನ್ನು ತಡೆಯಲು ಬಿಹಾರ 1999ರಲ್ಲಿ, ಛತ್ತೀಸ್‌ಗಢ 2005ರಲ್ಲಿ, ಒಡಿಶಾ 2013ರಲ್ಲಿ, ರಾಜಸ್ಥಾನ 2015ರಲ್ಲಿ ಕಾನೂನು ಮಾಡಬೇಕಾಯಿತು. ಜಾರ್ಖಂಡಿನ ಛುಟ್ನಿ ಮಹತೋ ಅವರನ್ನು 1995ರಲ್ಲಿ ಊರವರೇ ಡಾಯನ್ ಎಂದು ಹಿಂಸಿಸಿದರು. ಅವರು ತಪ್ಪಿಸಿಕೊಂಡು, ತಮ್ಮ ಹಾಗೆಯೇ ಪಟ್ಟ ಹೊತ್ತ ಹೆಂಗಸರನ್ನು ಕಾಪಾಡುವ ಕೆಲಸಕ್ಕೆ ನಿಂತರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೆವ್ವ ಅನ್ನಿಸಿಕೊಂಡ ಹೆಣ್ಣು ಬದುಕಿ ಉಳಿದು ಮಾತಾಡಿದ ಈ ಕಥೆ ಈ ದೆವ್ವದ ದೊಡ್ಡಿಯ ಧಣಿಗಳ ಕಣ್ಣಿಗೆ ಬೀಳಲಿಲ್ಲವಲ್ಲ, ಯಾಕೆ?

ಚಿತ್ರದ ಕೊನೆ ಇನ್ನೂ ಜಾಣತನದ್ದು. ಮುಂದಿನ ವರ್ಷ ಊರಿನವರು ಅವಳದೊಂದು ಪ್ರತಿಮೆ ನಿಲ್ಲಿಸಿ, ‘ಕಲ್ ಆನಾ’ ಅಳಿಸಿ, ಸ್ತ್ರೀಯೇ ನಮ್ಮನ್ನು ರಕ್ಷಿಸು ಎಂದು ಬರೆಯುತ್ತಾರೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಬದುಕಿದ್ದಾಗ ಹೆಂಡತಿಯಾಗಲು ಬಿಡದವರು ಸತ್ತ ಮೇಲೆ ತಾಯಿ ಅನ್ನುತ್ತಾರೆ. ಇದು ಚಂದೇರಿಯವರು ಕಂಡುಹಿಡಿದ ಉಪಾಯವೇನಲ್ಲ. ಕೆರೆಗೆ ಬಲಿ ಕೊಟ್ಟ ಸೊಸೆಯನ್ನು ಪೂಜಿಸುವ, ಸುಟ್ಟ ಹೆಣ್ಣನ್ನು ಮಾರಿ ಮಾಡಿ ವರ್ಷಕ್ಕೊಮ್ಮೆ ಕೋಣ ಕಡಿಯುವ ನಮ್ಮ ಊರುಗಳಿಗೆ ಇದು ಹಳೆಯ ವಿದ್ಯೆ. ಕೊಂದವರ ಹೆಸರು ಯಾರೂ ಕೇಳುವುದಿಲ್ಲ. ಕೊಲೆಯಾದವಳು ಕೊಂದವರ ಮೊಮ್ಮಕ್ಕಳನ್ನು ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯಬೇಕು. ಬಿಟ್ಟಿ ಚಾಕರಿ ಸಾವಿನ ಆಚೆಗೂ ಮುಗಿಯುವುದಿಲ್ಲ!

‘ಸ್ತ್ರೀ 2’ ಕೊಂದವನನ್ನು ಹೊರಗೆ ತಂದಿತು, ಅದು ಅದರ ಲಾಭ. ಕಥೆ ಬರೆದ ನಿರೇನ್ ಭಟ್ ಅವಳನ್ನು ಕೊಂದ ಮುಖಂಡನನ್ನೇ ತಲೆಯಿಲ್ಲದ ದೆವ್ವ ಮಾಡಿದರು. ಹೊಸ ಕಾಲದ ಹೆಂಗಸರನ್ನು ಎಳೆದೊಯ್ಯುವ, ಗಂಡಸರ ಬುದ್ಧಿ ಕೆಡಿಸಿ ಮತ್ತೆ ಹೆಣ್ಣನ್ನು ಒಳಗೆ ಕೂಡಿಸುವ ‘ಸರ್‌ಕಟಾ’ನ ತಲೆ ಬೇರೆ, ಮುಂಡ ಬೇರೆ. ಪುರುಷಪ್ರಧಾನ ವ್ಯವಸ್ಥೆಗೆ ಇದಕ್ಕಿಂತ ಒಳ್ಳೆಯ ರೂಪ ಸಿಗುವುದು ಕಷ್ಟ. ಆದರೆ ಆ ತಲೆಗೆ ಜಾತಿ ಇಲ್ಲವೇ? ಎರಡು ಚಿತ್ರ ಸೇರಿ ಸುಮಾರು ನಾಲ್ಕೂವರೆ ಗಂಟೆ ಚಂದೇರಿಯ ಬೀದಿ ಬೀದಿ ಸುತ್ತಿದರೂ ಯಾವ ಬೀದಿ ಯಾರದು ಅಂತ ಗೊತ್ತಾಗುವುದಿಲ್ಲ. ಚಂದೇರಿ ಎಂದರೆ ಸೀರೆ, ಸೀರೆ ಎಂದರೆ ಮಗ್ಗ. ಮಗ್ಗದ ಮುಂದೆ ಬೆನ್ನು ಬಾಗಿಸಿದ ನೇಕಾರರ ಕೇರಿಗೆ ದೆವ್ವವೂ ಹೋಗಲಿಲ್ಲ, ಕ್ಯಾಮೆರಾವೂ ಹೋಗಲಿಲ್ಲ.

ಜಾತಿಯಿರುವ ದೆವ್ವ ಒಂದು ಬಂತು. ಅದು ‘ಮುಂಜ್ಯಾ’. ನಮ್ಮ ‘ಮುಂಜಿ’ಯೇ ಮರಾಠಿಯಲ್ಲೂ ಮುಂಜ. ಮುಂಜಿಯಾಗಿ, ಮದುವೆಗೆ ಮುಂಚೆ ಸತ್ತ ಬ್ರಾಹ್ಮಣ ಹುಡುಗ ಅರಳಿಮರ ಹಿಡಿಯುತ್ತಾನೆ ಅನ್ನುವುದು ಕೊಂಕಣದ ನಂಬಿಕೆ. ದೆವ್ವಲೋಕದಲ್ಲೂ ವರ್ಣಾಶ್ರಮ ಇದೆ ನೋಡಿ: ವಿದ್ವಾಂಸ ಸತ್ತರೆ ಬ್ರಹ್ಮರಾಕ್ಷಸ, ವಟು ಸತ್ತರೆ ಮುಂಜ್ಯಾ, ನಮ್ಮವರು ಸತ್ತರೆ ಬರೀ ಗಾಳಿ, ಪೀಡೆ. ಆದಿತ್ಯ ಸರ್ಪೋತದಾರ್ ನಿರ್ದೇಶಿಸಿದ ಈ ಚಿತ್ರ 1952ರ ಕೊಂಕಣದಲ್ಲಿ ಶುರುವಾಗುತ್ತೆ. ತನಗಿಂತ ಏಳು ವರ್ಷ ದೊಡ್ಡವಳಾದ ಹುಡುಗಿ ಬ್ಯಾಡ ಅಂದರೂ ಬಿಡದ ಹುಡುಗ, ಅವಳಿಗಾಗಿ ತಂಗಿಯನ್ನೇ ಬಲಿ ಕೊಡಲು ಹೋಗಿ ಸಾಯುತ್ತಾನೆ. ಕೇಳಿದ್ದೆಲ್ಲ ಸಿಗಬೇಕು ಅನ್ನುವ ಮುದ್ದು ಮಗನ ಹಟವೇ ದೆವ್ವವಾಯಿತು ಅನ್ನುವುದು ಒಳ್ಳೆಯ ಒಳನೋಟ. ಆದರೆ ಅದೇ ಕೊಂಕಣದ ಮಹಾಡದಲ್ಲಿ 1927ರಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದ್ದರು. 1950ರಲ್ಲಿ ಸಂವಿಧಾನ ಬಂದಿತ್ತು. ಅದಾಗಿ ಎರಡು ವರ್ಷದ ಕಥೆಯಲ್ಲಿ ಜನಿವಾರ ಕೇವಲ ದೆವ್ವ ಹುಟ್ಟಿಸುವ ದಾರ. ಆ ದಾರದ ಆಚೆ ಯಾರಿದ್ದರು ಅಂತ ಚಿತ್ರ ತಿರುಗಿ ನೋಡುವುದಿಲ್ಲ. ಈ ನಿರ್ದೇಶಕನಿಗೆ ಆ ಕಣ್ಣು ಇಲ್ಲದೆ ಏನಿಲ್ಲ. ಇವರದೇ ಮರಾಠಿಯ ‘ಝೊಂಬಿವಲಿ’ (2022) ಡೊಂಬಿವಲಿಯ ಕೊಳೆಗೇರಿ ಮತ್ತು ಕುಡಿಯುವ ನೀರಿನ ಕಂಪನಿಯ ಸುತ್ತಲೇ ತಿರುಗುತ್ತೆ. ಮರಾಠಿಯಲ್ಲಿ ಕಂಡ ಕೇರಿ ಹಿಂದಿಗೆ ಬಂದ ಕೂಡಲೆ ಮರೆಯಾಯಿತು. ದೊಡ್ಡ ಬಂಡವಾಳದ ಬೆಳಕು ಹೀಗೇ, ಕೆಲವನ್ನು ಮಾತ್ರ ಬೆಳಗುತ್ತೆ.

ಅಮರ್ ಕೌಶಿಕ್ ಅವರ ಕಥೆಯೂ ಇದೇ. ‘ಸ್ತ್ರೀ’ಗೆ ಮುಂಚೆ ಅವರು ಅರುಣಾಚಲದ ಅಪಾತಾನಿ ಭಾಷೆಯಲ್ಲಿ ‘ಆಬಾ’ ಎಂಬ ಕಿರುಚಿತ್ರ ಮಾಡಿದ್ದರು. 2017ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಅಲ್ಲಿ ಬೆಟ್ಟದ ಜನ ತಮ್ಮ ಸಾವನ್ನು ತಮ್ಮ ಮಾತಿನಲ್ಲೇ ಸಾಯುತ್ತಾರೆ. ಅದೇ ಜೀರೋ ಕಣಿವೆಗೆ ಹೋಗಿ ‘ಭೇಡಿಯಾ’ ಮಾಡಿದಾಗ ನಾಯಕ ಕಾಡು ಕಡಿದು ರಸ್ತೆ ಹಾಕಲು ಬಂದ ಕಂಟ್ರಾಕ್ಟುದಾರ. ಈಶಾನ್ಯದವರನ್ನು ಪರದೇಶಿಗಳ ಹಾಗೆ ಹೀಯಾಳಿಸುವ ಚಟವನ್ನು ಚಿತ್ರ ಪ್ರಶ್ನಿಸುತ್ತೆ, ಸಂತೋಷ. ಆದರೆ ಕಾಡು ಕಾಯುವ ತೋಳವಾಗುವ ಭಾಗ್ಯವೂ ಕಡಿಯಲು ಬಂದವನಿಗೇ ಒದಗುತ್ತೆ. ಆದಿವಾಸಿಗೆ ಉಳಿಯುವುದು ಗೆಳೆಯನ ಪಾತ್ರ, ಕ್ಷಮಿಸುವ ಪಾತ್ರ.

ಹಾಗಾದರೆ ಸತ್ತವರು ಬೇರೆ ಹೇಗೆ ಬರಬಹುದು? ‘ಸ್ತ್ರೀ’ ಬಂದ ಮುಂದಿನ ತಿಂಗಳೇ, 2018ರ ಸೆಪ್ಟೆಂಬರಿನಲ್ಲಿ, ತಮಿಳಿನಲ್ಲಿ ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ ಬಂತು. ಅದರಲ್ಲೂ ಒಂದು ಪ್ರೇತ ಇದೆ. ಮೇಲ್ಜಾತಿಯವರು ರೈಲು ಹಳಿಗೆ ಕಟ್ಟಿ ಕೊಂದ ಕರುಪ್ಪಿ ಎಂಬ ನಾಯಿ. ತನ್ನನ್ನು ಸಾಕಿದ ದಲಿತ ಹುಡುಗ ಕಾನೂನು ಓದಲು ಹೋಗಿ, ಏಟು ತಿಂದು ಅದೇ ಹಳಿಯ ಮೇಲೆ ಬಿದ್ದಾಗ ನೀಲಿಯಾಗಿ ಬಂದು ಅವನನ್ನು ಎಬ್ಬಿಸುತ್ತೆ. ಆ ನಾಯಿ ಯಾರನ್ನೂ ಹೆದರಿಸುವುದಿಲ್ಲ, ಯಾರೂ ಅದಕ್ಕೆ ಪ್ರತಿಮೆ ನಿಲ್ಲಿಸುವುದಿಲ್ಲ. ಬಿದ್ದವನನ್ನು ಎಬ್ಬಿಸುವುದೊಂದೇ ಅದರ ಕೆಲಸ. ಕ್ಯಾಮೆರಾ ಹಿಡಿದವನು ಕೇರಿಯಿಂದ ಬಂದರೆ ಸತ್ತವರ ವರ್ತನೆಯೇ ಬದಲಾಗುತ್ತೆ ಅನ್ನುವುದಕ್ಕೆ ಇಷ್ಟು ಸಾಕು.

ದೆವ್ವದ ಚಿತ್ರವೇ ಬೇಡ ಅನ್ನುವ ಮಡಿವಂತಿಕೆ ನಮಗಿಲ್ಲ. ದೆವ್ವವನ್ನು ಕಂಡು ನಗುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರಿದ್ದಾರೆ? ಗುಂಡಿ ತೋಡಿದವರು ನಾವು, ಹೆಣದ ಮುಂದೆ ತಮಟೆ ಬಡಿದವರು ನಾವು, ಸುಡುಗಾಡಿನ ಮಗ್ಗುಲಲ್ಲೇ ಮನೆ ಕಟ್ಟಿಕೊಳ್ಳಿ ಎಂದು ಜಾಗ ತೋರಿಸಿಸಿಕೊಂಡವರು ನಾವು. ಬೆಳಗಾವಿಯ ಸ್ಮಶಾನದಲ್ಲಿ ಬಾಬಾಸಾಹೇಬರ ಪರಿನಿರ್ವಾಣದ ದಿನ, ಡಿಸೆಂಬರ್ 6ರಂದು, ಮಾನವ ಬಂಧುತ್ವ ವೇದಿಕೆಯವರು ಜನರನ್ನು ಸೇರಿಸಿ ಅಲ್ಲೇ ಉಂಡು ರಾತ್ರಿ ಕಳೆದದ್ದುಂಟು. ಯಾವ ದೆವ್ವವೂ ಬಂದು ಊಟ ಕೆಡಿಸಲಿಲ್ಲ. ಸತ್ತವರಿಗೆ ನಾವು ಹೆದರಿದ್ದು ಕಮ್ಮಿ. ನಮ್ಮ ಭಯಗಳೆಲ್ಲ ಬದುಕಿರುವವರದು.

ಆ ಬದುಕಿರುವವರನ್ನು ಹೆದರಿಸುವ, ಅವರನ್ನು ನೋಡಿ ನಗುವ ಚಿತ್ರ ಇನ್ನೂ ಬರಬೇಕು. ಅದರಲ್ಲಿ ಸತ್ತವಳು ಬಂದು ಬಾಗಿಲು ತಟ್ಟಬೇಕು. ಜಡೆ ಬೇಡ, ಪ್ರತಿಮೆ ಬೇಡ, ಕೊಲ್ಲಲು ಗೊಂಬೆಯೂ ಬೇಡ. ಲೆಕ್ಕದ ಪುಸ್ತಕ ತೆಗೆಯಿರಿ ಅನ್ನಬೇಕು. ಪಂಚೆ ಎತ್ತಿಕೊಂಡು ಓಡುವ ಗೌಡರನ್ನು, ಕಡತ ಹಿಡಿದು ಮೇಜಿನ ಕೆಳಗೆ ತೂರುವ ಗುಮಾಸ್ತರನ್ನು, ಕುಳಿತಲ್ಲೇ ಮಂತ್ರ ಮರೆತ ಪುರೋಹಿತರನ್ನು ನೋಡಿ ಇಡೀ ಕೇರಿ ಎದ್ದು ನಗಬೇಕು. ಅಂಥ ನಗೆಗೆ 600 ಕೋಟಿ ಬರುತ್ತೋ ಇಲ್ಲವೋ ಗೊತ್ತಿಲ್ಲ. ಬರೆಯಲು ನಮ್ಮಲ್ಲಿ ಕಥೆಗಳಿಗೆ ಬರವಿಲ್ಲ, ಸತ್ತವರಿಗೂ ಬರವಿಲ್ಲ. ಓದು ಕಲಿತಿದ್ದೇವೆ, ಬಾಗಿಲ ಮೇಲೆ ಏನು ಬರೆದಿದೆ ಅಂತ ಗೊತ್ತು. ಬರೆದವರು ಯಾರು ಅಂತಲೂ ಗೊತ್ತು. ಇನ್ನು ಮೇಲೆ ಅದನ್ನು ಓದಿ ತಿರುಗಿ ಹೋಗುವವರು ನಾವಲ್ಲ.